ಟ್ರ್ಯಾಕ್‌ಪ್ಯಾಡ್ ಮೇಲೆ ಮೇಷ್ಟ್ರ ಹೆಬ್ಬೆರಳು

"ನನ್ನ ಕೈಯಿಂದ ನಿನ್ನ ಮೇಲೆ ಇನ್ನೊಂದು ಹನಿ ಬಣ್ಣ ಬೀಳಲ್ಲ ಕಣಮ್ಮಾ, ನಿನ್ನಾಣೆ" ಎಂದು ಡ್ರೈವಿಂಗ್ ಮೇಷ್ಟ್ರು ಮಗಳಿಗೆ ಮಾತು ಕೊಟ್ಟದ್ದು ಅವಳಿಗೆ ಆರು ವರ್ಷವಿದ್ದಾಗ.

ಅವತ್ತು ಅಪ್ಪ ಮಗಳು ಮೊದಲ ಸಲ ಟಿವಿ ಮುಂದೆ ಕೂತು, ಒಂದೇ ತಂಡದಲ್ಲಿ, ಬಣ್ಣದ ಗುಂಡಿನ ಆಟ ಆಡಿದ್ದರು. ಆಟ ಸರಳ. ಬಂದೂಕಿನಿಂದ ಎದುರಿನವರಿಗೆ ಬಣ್ಣ ಹೊಡೆಯಬೇಕು, ಬಣ್ಣ ಬಿದ್ದವರು ಔಟ್. ತನ್ನ ತಂಡದವರೇ ಹೊಡೆದರೂ ಔಟ್. ಮೇಷ್ಟ್ರ ಜೀವಮಾನದ ಮೊದಲ ಗುಂಡು ಹೋಗಿ ಮಗಳ ಬೆನ್ನಿಗೆ ಬಿದ್ದಿತ್ತು. ಮಗು ಊಟ ಬಿಟ್ಟು ಅತ್ತಿತ್ತು.

ಕೊಟ್ಟ ಮಾತನ್ನು ಮೇಷ್ಟ್ರು ಉಳಿಸಿಕೊಂಡೂ ಬಂದಿದ್ದರು. ಹೇಗೆಂದರೆ, ಆಮೇಲಿನ ಎಲ್ಲ ಆಟಗಳಲ್ಲೂ ಒಂದು ಮೂಲೆ ಹಿಡಿದು, ಆಕಾಶಕ್ಕೆ ಗುರಿಯಿಟ್ಟು ಗುಂಡು ಹಾರಿಸುತ್ತಿದ್ದರು. ಆಕಾಶದಲ್ಲಿ ಮಗಳಿರಲಿಲ್ಲ. ಶತ್ರುಗಳೂ ಇರಲಿಲ್ಲ ಅನ್ನುವುದು ಬೇರೆ ಮಾತು. ಮಗಳು ಒಬ್ಬಳೇ ಓಡಾಡಿ ಇಬ್ಬರ ಯುದ್ಧವನ್ನೂ ಮಾಡುತ್ತಿದ್ದಳು.

ಈಗ ಮಗಳಿಗೆ ಹದಿಮೂರು. ಬಾಗಿಲು ಹಾಕಿಕೊಂಡು ಕೂರುವ ವಯಸ್ಸು. ಶಾಲೆ ಹೇಗಿತ್ತು ಅಂದರೆ "ಇತ್ತು" ಅನ್ನುತ್ತಾಳೆ. ಸಂಜೆ ಅಪ್ಪನ ಪಕ್ಕ ಕೂತು ಆಡುವ ಅರ್ಧ ಗಂಟೆಯಲ್ಲಿ ಮಾತ್ರ ಅವಳ ಬಾಯಲ್ಲಿ ಪೂರ್ತಿ ವಾಕ್ಯಗಳು ಬರುತ್ತವೆ. ಆ ಅರ್ಧ ಗಂಟೆಗಾಗಿ ಮೇಷ್ಟ್ರು ಇನ್ನೆಷ್ಟು ವರ್ಷ ಬೇಕಾದರೂ ಆಕಾಶಕ್ಕೆ ಗುಂಡು ಹೊಡೆಯಲು ತಯಾರಿದ್ದರು.

ಆದರೆ ಇವತ್ತು ಅವರ ಕಟ್ಟಡದ ವಾರ್ಷಿಕೋತ್ಸವ. ಸಂಜೆ ಕೆಳಗಿನ ಹಾಲಿನಲ್ಲಿ ಅದೇ ಆಟದ ಜೋಡಿ ಸ್ಪರ್ಧೆ.

"ಅಪ್ಪಾ, ಇವತ್ತು ಆಕಾಶಕ್ಕೆ ಹೊಡೆಯೋ ಹಾಗಿಲ್ಲ" ಅಂದಳು ಮಗಳು, ಬೆಳಗ್ಗೆ ಶಾಲೆಗೆ ಹೊರಡುತ್ತಾ. "ಎಲ್ಲರೂ ನೋಡ್ತಿರ್ತಾರೆ. ಎದುರಿನವರಿಗೆ ಹೊಡಿ. ನನಗೆ ಮಾತ್ರ ಹೊಡೀಬೇಡ. ಅವರ ಮುಂದೆಲ್ಲ ನಿನ್ನಿಂದ ನನಗೆ ಬಣ್ಣ ಬಿದ್ರೆ, ನಾಳೆಯಿಂದ ನಾನು ನಿನ್ನ ಜೊತೆ ಆಡಲ್ಲ."

"ನಾನೇನ್ ಮಾಡ್ಲಿ ಪುಟ್ಟೀ, ಈ ಕಂಟ್ರೋಲರ್ರೇ ಸರಿಯಿಲ್ಲ."

"ಕುಣಿಯೋಕೆ ಬರದವರಿಗೆ ನೆಲ ಡೊಂಕಂತೆ" ಅಂದು ಅವಳು ಮೆಟ್ಟಿಲಿಳಿದು ಹೋದಳು.

ಕಂಟ್ರೋಲರಿನ ವಿಷಯದಲ್ಲಿ ಮೇಷ್ಟ್ರದು ಪೂರ್ತಿ ನೆಪವೇನಲ್ಲ. ಮಗಳ ಕೈಯಲ್ಲಿರುವುದರಲ್ಲಿ ಗುರಿ ತಿರುಗಿಸಲು ಪುಟ್ಟ ಕಡ್ಡಿಯಿತ್ತು. ಮೇಷ್ಟ್ರ ಪಾಲಿಗೆ ಬಂದದ್ದು ಯಾರೋ ಬಳಸಿ ಬಿಟ್ಟದ್ದು. ಅದರಲ್ಲಿ ಕಡ್ಡಿಯ ಜಾಗದಲ್ಲಿ ಡಬ್ಬಿಯ ಮುಚ್ಚಳದಂಥ ದುಂಡನೆಯ ಟ್ರ್ಯಾಕ್‌ಪ್ಯಾಡ್. ಅದರ ಮೇಲೆ ಹೆಬ್ಬೆರಳು ಸವರಬೇಕು. ಮೇಲಕ್ಕೆ ಸವರಿದರೆ ಬಂದೂಕು ಸೂರು ನೋಡುತ್ತಿತ್ತು, ಕೆಳಕ್ಕೆ ಸವರಿದರೆ ಸ್ವಂತ ಬೂಟು ನೋಡುತ್ತಿತ್ತು. ನಡುವೆ ಒಂದು ಪ್ರಪಂಚವಿದೆ ಅನ್ನುವುದು ಅದಕ್ಕೆ ಗೊತ್ತಿದ್ದಂತೆ ಕಾಣಲಿಲ್ಲ. ಸಾಲದ್ದಕ್ಕೆ ಕಂಟ್ರೋಲರನ್ನು ಓರೆ ಮಾಡಿದರೆ ಗುರಿಯೂ ಅಷ್ಟೇ ಓರೆಯಾಗುತ್ತಿತ್ತು. ಹೆಬ್ಬೆರಳು ಏರಿಗೆಳೆದರೆ ಮಣಿಕಟ್ಟು ನೀರಿಗೆಳೆಯುತ್ತಿತ್ತು.

ಇದರ ಮೇಲೆ ಕಸುಬಿನ ಕಾಟ ಬೇರೆ. ಡ್ರೈವಿಂಗ್ ಕಲಿಸುವವನ ಅನ್ನವೇ ಎದುರಿಗೆ ಬಂದವರಿಗೆ ತಾಗದೆ ಇರುವುದರಲ್ಲಿದೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಮೇಷ್ಟ್ರ ಕಾಲ ಬುಡಕ್ಕೆ ಬೇರೆಯೇ ಒಂದು ಬ್ರೇಕ್ ಇರುತ್ತದೆ. ಯಾರಾದರೂ ಅಡ್ಡ ಬಂದರೆ ಬಲಗಾಲು ತಾನಾಗಿ ಅದನ್ನು ತುಳಿಯಬೇಕು. ಆಟದಲ್ಲೂ ಹಾಗೇ. ಶತ್ರು ಎದುರಿಗೆ ಬಂದ ಕೂಡಲೇ ಮೇಷ್ಟ್ರ ಕಾಲು ನೆಲವನ್ನು ಧಡ್ ಎಂದು ತುಳಿಯುತ್ತಿತ್ತು. ಬ್ರೇಕ್ ಹಾಕಿದ್ದಾಯಿತು, ಅಪಾಯ ತಪ್ಪಿತು ಎಂದು ಮನಸ್ಸು ನಿರಾಳವಾಗುವಷ್ಟರಲ್ಲಿ ಮೈಯೆಲ್ಲ ಬಣ್ಣ.

ಬೆಳಗ್ಗೆ ಅಭ್ಯಾಸಕ್ಕೆ ಕೂತು ಹೀಗೆ ಹತ್ತಾರು ಸಲ ಬ್ರೇಕ್ ಹಾಕಿರಬೇಕು. ಬಾಗಿಲು ಬಡಿದ ಸದ್ದಾಯಿತು. ಕೆಳಮನೆಯ ತಾತ. ಕಟ್ಟಡದ ಕಾರ್ಯದರ್ಶಿಯೂ ಅವರೇ, ಸಂಜೆಯ ಸ್ಪರ್ಧೆಯ ಉಸ್ತುವಾರಿಯೂ ಅವರದೇ.

"ಏನ್ ಮೇಷ್ಟ್ರೇ, ಬೆಳಗ್ಗೆ ಬೆಳಗ್ಗೆನೇ ಏನ್ ಕುಟ್ತಿದೀರಿ? ನಮ್ಮನೆ ಫ್ಯಾನು ತಲೆ ಅಲ್ಲಾಡಿಸ್ತಿದೆ!"

ಮೇಷ್ಟ್ರು ಸಂಕೋಚದಿಂದ ವಿಷಯ ಹೇಳಿದರು. ತಾತನ ಸಿಟ್ಟು ಇಳಿದು ಉತ್ಸಾಹ ಏರಿತು. ಸಲಹೆ ಕೊಡುವ ಅವಕಾಶವನ್ನು ತಾತ ಎಂದೂ ಬರಿಗೈಯಲ್ಲಿ ಕಳಿಸಿದವರಲ್ಲ.

"ಇಷ್ಟೇನಾ! ಉಸಿರು ಕಣ್ರೀ, ಎಲ್ಲಾ ಉಸಿರಲ್ಲಿದೆ. ಬಿಗಿ ಹಿಡೀರಿ. ಶತ್ರು ಬರೋವರೆಗೂ ಬಿಡಬೇಡಿ."

ಮೇಷ್ಟ್ರು ಉಸಿರು ಬಿಗಿ ಹಿಡಿದರು. ಶತ್ರು ಆ ಹೊತ್ತಿಗೆ ಎಲ್ಲಿಗೆ ಹೋಗಿದ್ದನೋ, ಬರಲೇ ಇಲ್ಲ. ಮೇಷ್ಟ್ರ ಮುಖ ಟೊಮೇಟೊ ಆಗಿ, ಬದನೆಕಾಯಿ ಆಗುವ ಹಾದಿಯಲ್ಲಿದ್ದಾಗ ಹೆಂಡತಿ ಅಡುಗೆಮನೆಯಿಂದ ಬಂದು ಬೆನ್ನಿಗೆ ಗುದ್ದಿ ಉಸಿರು ಬಿಡಿಸಿದಳು.

"ನಿಮ್ಮ ಹೆಬ್ಬೆರಳು ಬೆವರ್ತಿದೆ, ಅದಕ್ಕೇ ಅಂಟ್ಕೊಳ್ತಿದೆ. ಪೌಡರ್ ಹಾಕ್ಕೊಳ್ಳಿ" ಎಂದು ಅವಳು ತಾನೇ ಡಬ್ಬಿ ತಂದು ಸುರಿದಳು. ಮೇಷ್ಟ್ರ ಹೆಬ್ಬೆರಳು ಸ್ನಾನ ಮುಗಿಸಿದ ಮಗುವಿನಂತಾಯಿತು. ಮುಂದಿನ ಸಲ ಸವರಿದಾಗ ಅದು ಟ್ರ್ಯಾಕ್‌ಪ್ಯಾಡಿನ ಮೇಲಿಂದ ಜರ್ರನೆ ಜಾರಿ ಪಕ್ಕದ ಗುಂಡಿ ಒತ್ತಿತು. ಆಟದೊಳಗಿನ ಮೇಷ್ಟ್ರು ತಮ್ಮ ಕಾಲ ಬುಡಕ್ಕೇ ಬಾಂಬು ಹಾಕಿಕೊಂಡರು.

"ಛೆ, ಇದು ಕಂಟ್ರೋಲರ್ರೇ ಸರಿಯಿಲ್ಲ" ಅಂದರು ತಾತ.

ಮೇಷ್ಟ್ರು ಕಂಟ್ರೋಲರನ್ನು ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟರು. ಸಂಜೆಯೊಳಗೆ ಎಲ್ಲಿ ಬಿಡುವು ಸಿಕ್ಕರೆ ಅಲ್ಲಿ ಹೆಬ್ಬೆರಳು ಪಳಗಿಸಬೇಕು.

ಅವತ್ತಿನ ಮೊದಲ ಪಾಠ ಟೈಲರಮ್ಮನಿಗೆ. ಅದೇ ಕಟ್ಟಡದಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರು. ಬಟ್ಟೆಯ ಮೇಲೆ ಗೆರೆ ತಪ್ಪದ ಕೈ, ರಸ್ತೆಗಿಳಿದರೆ ಗೆರೆಯನ್ನೇ ಕಾಣುತ್ತಿರಲಿಲ್ಲ. ಅವರಿಗೆ ಪಾಠ ಹೇಳಿ ಹೇಳಿ ಮೇಷ್ಟ್ರ ಕೂದಲು ಬೆಳ್ಳಗಾಗಿತ್ತು. ಆದ್ದರಿಂದ ಪಾಠ ರಸ್ತೆಯಲ್ಲಲ್ಲ, ಮಂಚ ಕುರ್ಚಿಗಳ ಅಂಗಡಿಯೊಂದರ ಹಿಂದಿನ ಖಾಲಿ ಮೈದಾನದಲ್ಲಿ ನಡೆಯುತ್ತಿತ್ತು.

ಕಾರು ಮೊದಲ ಗೇರಿನಲ್ಲಿ ಬಸವನಹುಳುವಿನಂತೆ ಮೈದಾನ ಸುತ್ತುತ್ತಿತ್ತು. ಇಷ್ಟು ನಿಧಾನಕ್ಕೆ ಏನಾಗುತ್ತದೆ ಎಂದು ಮೇಷ್ಟ್ರು ಚೀಲದಿಂದ ಕಂಟ್ರೋಲರ್ ತೆಗೆದರು. ಆಟವಿಲ್ಲ, ಪರದೆಯಿಲ್ಲ, ಬರೀ ಹೆಬ್ಬೆರಳಿನ ಸಾಧನೆ. ಎಡಕ್ಕೊಮ್ಮೆ ಸವರಿದರು, ಬಲಕ್ಕೊಮ್ಮೆ ಸವರಿದರು.

ಟೈಲರಮ್ಮ ಓರೆಗಣ್ಣಿನಲ್ಲಿ ನೋಡಿದರು. ಮೇಷ್ಟ್ರು ಎಡಕ್ಕೆ ಸವರಿದಾಗ ಕಾರು ಎಡಕ್ಕೆ ಹೋಯಿತು. ಅದು ಯಾವಾಗಲೂ ಎಡಕ್ಕೆ ಹೋಗುವ ಕಾರು. ಆದರೆ ಟೈಲರಮ್ಮನಿಗೆ ಎಲ್ಲವೂ ಅರ್ಥವಾಗಿ ಹೋಯಿತು. ಅವರು ಸ್ಟೇರಿಂಗ್ ಬಿಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಕೂತವರಂತೆ ಕಿಟಕಿಯಾಚೆ ನೋಡತೊಡಗಿದರು.

ಮೇಷ್ಟ್ರು ತಲೆಯೆತ್ತುವಷ್ಟರಲ್ಲಿ ಮುಂಗಾಜಿನ ತುಂಬ ಹಾಸಿಗೆಗಳೇ ಕಂಡವು. ಅಂಗಡಿಯವನು ಬಿಸಿಲಿಗೆ ಒಣಹಾಕಿದ್ದ. ಬಲಗಾಲು ಬ್ರೇಕ್ ತುಳಿಯಿತು. ಕಾರು ದಪ್ಪನೆಯ ಹಾಸಿಗೆಯೊಂದರ ಮೇಲೆ ಮೂತಿಯಿಟ್ಟು, ದಣಿದ ನಾಯಿಯ ಹಾಗೆ ಒಂದು ಸಲ ಗೊರಗುಟ್ಟಿ ಮಲಗಿತು.

"ಅಮ್ಮಾ! ಸ್ಟೇರಿಂಗ್ ಯಾಕ್ರೀ ಬಿಟ್ರಿ?"

"ನೀವು ರಿಮೋಟಲ್ಲಿ ಓಡಿಸ್ತಿದೀರಲ್ಲ ಸಾರ್! ಇಬ್ಬಿಬ್ರು ಓಡಿಸಿದ್ರೆ ಗಾಡಿಗೆ ಗೊಂದಲ ಆಗಲ್ವಾ?"

ಅಂಗಡಿಯವನು ಓಡಿ ಬಂದ. ಹಾಸಿಗೆಯನ್ನು ಎಲ್ಲ ಕಡೆ ಒತ್ತಿ ನೋಡಿದ. ಏನೂ ಆಗಿರಲಿಲ್ಲ. ಆದರೂ ಡ್ರೈವಿಂಗ್ ಸ್ಕೂಲಿನ ಯಜಮಾನರು ಬರುವ ತನಕ ಕಾರನ್ನು ಬಿಡುವುದಿಲ್ಲವೆಂದು ಅವರಿಗೆ ಫೋನ್ ಮಾಡಿದ. ಇನ್ನೇನು ಮಾಡುವುದು? ಮೇಷ್ಟ್ರು ಹಾಸಿಗೆಯ ಅಂಚಿನಲ್ಲಿ ಕೂತು, ಕಂಟ್ರೋಲರನ್ನು ಮೊಬೈಲಿಗೆ ಜೋಡಿಸಿ, ಆಟದ ಅಭ್ಯಾಸದ ಗೋಡೆ ತೆರೆದರು. ಗೋಡೆಯ ಮೇಲೆ ಬಾಟಲಿಗಳ ಸಾಲು. ಬಾಟಲಿಗಳು ನೆಮ್ಮದಿಯಾಗಿದ್ದವು.

ಟೈಲರಮ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಸಾರ್, ಬಾನೆಟ್ ನೋಡ್ತಿದೀರಿ ನೀವು."

"ಇದರಲ್ಲಿ ಬಾನೆಟ್ ಎಲ್ಲಿದೆ?"

"ಬಂದೂಕಿನ ಮೂತಿ ನೋಡ್ತಿದೀರಲ್ಲ, ಅದೇ. ದೂರ ನೋಡಿ. ಆಮೇಲೆ ಸ್ಟೇರಿಂಗ್ ಹಿಸುಕಬೇಡಿ, ಹಕ್ಕಿಮರಿ ಹಿಡಿದ ಹಾಗೆ ಹಿಡೀರಿ. ಮೊದಲು ದೊಡ್ಡ ತಿರುವು, ಆಮೇಲೆ ಸಣ್ಣ ತಿದ್ದುಪಡಿ. ಎಷ್ಟು ಸಲ ಹೇಳಬೇಕು? ತಲೆಯಲ್ಲಿ ಏನ್ ತುಂಬ್ಕೊಂಡಿದೀರಿ?"

ಎಲ್ಲೋ ಕೇಳಿದ ಮಾತು ಅನ್ನಿಸಿತು ಮೇಷ್ಟ್ರಿಗೆ. ಅವರೇ ದಿನಾ ಟೈಲರಮ್ಮನಿಗೆ ಹೇಳುತ್ತಿದ್ದ ಮಾತು, ಬೈಗುಳ ಸಮೇತ. ತಾವು ಹೇಳಿದ್ದನ್ನು ಆಕೆ ಒಂದಕ್ಷರ ಬಿಡದೆ ಕಲಿತಿದ್ದಾರೆ, ಕಾರಿಗೆ ತಿಳಿಸುವುದೊಂದು ಬಾಕಿ ಎಂದು ಮೇಷ್ಟ್ರಿಗೆ ಮೊದಲ ಬಾರಿ ಹೊಳೆಯಿತು.

ಹಿಡಿತ ಸಡಿಲಿಸಿದರು. ದೂರ ನೋಡಿದರು. ದೊಡ್ಡ ತಿರುವಿಗೆ ಹೆಬ್ಬೆರಳು ಸವರಿ ಅಲ್ಲೇ ನಿಲ್ಲಿಸಿದರು. ಸಣ್ಣ ತಿದ್ದುಪಡಿಗೆ ಹೆಬ್ಬೆರಳು ಬೇಡ, ಕಂಟ್ರೋಲರನ್ನೇ ಕೂದಲೆಳೆಯಷ್ಟು ಓರೆ ಮಾಡಿದರು. ಒತ್ತಿದರು.

ಬಾಟಲಿ ಒಡೆಯಿತು.

ಇನ್ನೊಂದು ಒಡೆಯಿತು. ಮತ್ತೊಂದು. ಸಾಲಿಗೆ ಸಾಲೇ ಉದುರಿತು. ಟೈಲರಮ್ಮ ಚಪ್ಪಾಳೆ ಹೊಡೆದರು. ಅಂಗಡಿಯವನೂ ಸಿಟ್ಟು ಮರೆತು ಪಕ್ಕದಲ್ಲಿ ಕೂತು, "ಆ ಕೊನೇದು, ಆ ಕೊನೇದು" ಎಂದು ಬೆರಳು ತೋರಿಸತೊಡಗಿದ. ಸ್ಕೂಲಿನ ಯಜಮಾನರು ಬಂದಾಗ ಕಂಡದ್ದು ಇಷ್ಟು: ಹಾಸಿಗೆಯ ಮೇಲೆ ಮಲಗಿದ ಕಾರು, ಅದರ ಪಕ್ಕ ಕೂತು ಆಟವಾಡುತ್ತಿರುವ ಮೇಷ್ಟ್ರು, ಅವರಿಗೆ ಪಾಠ ಹೇಳುತ್ತಿರುವ ವಿದ್ಯಾರ್ಥಿನಿ.

"ಭಲೇ" ಅಂದರು ಯಜಮಾನರು. "ಸಂಜೆ ನಿಮ್ಮ ಕಟ್ಟಡದ ಕಾರ್ಯಕ್ರಮಕ್ಕೆ ನಾನೇ ಮುಖ್ಯ ಅತಿಥಿ. ಬಹುಮಾನವೂ ನಂದೇ. ಇಲ್ಲದಿದ್ರೆ ಇವತ್ತೇ ನಿಮ್ಮ ಲೆಕ್ಕ ಚುಕ್ತಾ ಮಾಡ್ತಿದ್ದೆ. ಗೆದ್ದು ಸ್ಕೂಲಿನ ಮಾನ ಉಳಿಸಿ. ನಾಳೆ ಮಾತಾಡೋಣ."

ಸಂಜೆ ಹಾಲು ತುಂಬಿತ್ತು. ಗೋಡೆಯ ಮೇಲೆ ದೊಡ್ಡ ಪರದೆ. ಮಗಳು ಬಂದು ಪಕ್ಕದಲ್ಲಿ ನಿಂತಳು. "ಪ್ರಾಕ್ಟೀಸ್ ಮಾಡಿದ್ಯಾ?"

"ನೋಡ್ತಿರು" ಅಂದರು ಮೇಷ್ಟ್ರು. ಎಷ್ಟೋ ದಿನಗಳ ಮೇಲೆ ಮಗಳು ನಕ್ಕಳು.

ತಾತ ಮೈಕು ಹಿಡಿದರು. "ಹೋದ ವರ್ಷ ಸೋತ ಮಕ್ಕಳು ಅಪ್ಪಂದಿರನ್ನ, ಅಪ್ಪಂದಿರು ಮಕ್ಕಳನ್ನ ಬೈದು, ನಮ್ಮ ಕಟ್ಟಡದಲ್ಲಿ ಒಂದು ತಿಂಗಳು ಯಾರ ಮನೆಯಲ್ಲೂ ಮಾತಿರಲಿಲ್ಲ. ಅದಕ್ಕೇ ಈ ಸಲ ಒಂದು ಸುಧಾರಣೆ ತಂದಿದೀನಿ. ಜೋಡಿಗಳನ್ನ ಚೀಟಿ ಎತ್ತಿ ಮಾಡ್ತೀವಿ. ಒಂದೇ ಮನೆಯವರು ಒಂದೇ ತಂಡದಲ್ಲಿ ಇರಕೂಡದು!"

ಮೇಷ್ಟ್ರಿಗೆ ಜೊತೆಯಾಗಿ ಬಂದವರು ಟೈಲರಮ್ಮ. ಮಗಳಿಗೆ ಸಿಕ್ಕವರು ತಾತ.

ಮೊದಲ ಸುತ್ತಿನಲ್ಲಿ ಮೇಷ್ಟ್ರು ಒಬ್ಬರೇ ಎದುರಿನ ಇಬ್ಬರನ್ನೂ ಮುಗಿಸಿದರು. ದೂರ ನೋಡಿದರು, ಸವರಿದರು, ಓರೆ ಮಾಡಿದರು, ಹೊಡೆದರು. ಕಾಲು ಕೂಡ ಸುಮ್ಮನಿತ್ತು. ಆ ಕಡೆ ಮಗಳೂ ಗೆದ್ದಳು. ಹೀಗೆ ಕೊನೆಯ ಸುತ್ತಿಗೆ ಉಳಿದದ್ದು ಅಪ್ಪನದೊಂದು, ಮಗಳದೊಂದು ತಂಡ.

ಕೊನೆಯ ಆಟ ಶುರುವಾದ ಗಳಿಗೆಯಲ್ಲೇ ಟೈಲರಮ್ಮ ಗೋಡೆಗೆ ಅಂಟಿಕೊಂಡು ನಿಂತು, ಗೋಡೆಗೇ ಗುಂಡು ಹೊಡೆದು, ಅದರ ಬಣ್ಣ ಚಿಮ್ಮಿಸಿಕೊಂಡು ತಾವೇ ಔಟಾದರು. ತಾತ ಉಸಿರು ಬಿಗಿ ಹಿಡಿದು ಬಯಲಲ್ಲಿ ನಿಂತಿದ್ದರು. ಮೇಷ್ಟ್ರು ಅವರನ್ನು ಉಸಿರು ಬಿಡುವ ಮೊದಲೇ ಕಳಿಸಿದರು. ಉಳಿದವರು ಅಪ್ಪ, ಮಗಳು.

ಮಗಳು ಅಡಗಲಿಲ್ಲ. ಆಟದೊಳಗಿನ ಗೋದಾಮಿನ ನಡುವಿನ ದಾರಿಯಲ್ಲಿ, ಸ್ವಂತ ಮನೆಯ ಪಡಸಾಲೆಯಲ್ಲಿ ನಡೆದಂತೆ ನೆಟ್ಟಗೆ ನಡೆದು ಬಂದಳು. ಅಪ್ಪ ಹೊಡೆಯುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಹಾಲಿಗೆ ಗೊತ್ತಿರಲಿಲ್ಲ.

"ಹೊಡೀರಿ ಸಾರ್! ಎದುರಿಗೇ ಇದಾಳೆ!" ಟೈಲರಮ್ಮ ಭುಜ ಹಿಡಿದು ಅಲ್ಲಾಡಿಸಿದರು. ಮುಂದಿನ ಸಾಲಿನಲ್ಲಿ ಯಜಮಾನರು ಕುರ್ಚಿಯ ತುದಿಗೆ ಬಂದಿದ್ದರು. ಹೊಡೆಯದೆ ಸುಮ್ಮನೆ ನಿಂತರೆ, ಮಗಳಿಗಾಗಿ ಬಿಟ್ಟುಕೊಟ್ಟರೆಂದು ಎಲ್ಲರೂ ಆಡಿಕೊಳ್ಳುವುದು ಖಂಡಿತ. ಹೊಡೆದಂತೆಯೂ ಕಾಣಬೇಕು, ತಾಗಲೂಬಾರದು. ಗುರಿ ತಪ್ಪಿಸಬೇಕು, ಆದರೆ ಎಚ್ಚರಿಕೆಯಿಂದ ತಪ್ಪಿಸಬೇಕು.

ಮೇಷ್ಟ್ರು ದೂರ ನೋಡಿದರು. ಮಗಳಿಂದ ನಾಲ್ಕು ಮಾರು ಆಚೆ, ಗೋಡೆಯ ಮೂಲೆಯಲ್ಲಿ ಒಂದು ತಗಡಿನ ಡ್ರಮ್ ಕಂಡಿತು. ಕಸ ಹಾಕುವುದಿರಬೇಕು. ಅವಳಿಗೂ ಅದಕ್ಕೂ ಸಂಬಂಧವಿಲ್ಲ. ಹೆಬ್ಬೆರಳು ಸವರಿದರು. ಕೂದಲೆಳೆಯಷ್ಟು ಓರೆ ಮಾಡಿದರು. ಗುಂಡು ಹೋಗಿ ಡ್ರಮ್ಮಿನ ನಟ್ಟನಡುವೆ ಬಡಿಯಿತು.

ಅದು ಬಣ್ಣ ತುಂಬಿದ ಡ್ರಮ್. ಗುಂಡು ತಾಕಿದರೆ ಸಿಡಿಯುತ್ತದೆ. ಆ ಆಟ ಆಡುವ ಪ್ರತಿ ಮಗುವಿಗೂ ಗೊತ್ತಿರುವ ವಿಷಯ ಅದು. ಆದರೆ ಇಷ್ಟು ವರ್ಷಗಳಲ್ಲಿ ಮೇಷ್ಟ್ರ ಒಂದೇ ಒಂದು ಗುಂಡೂ ಯಾವ ಡ್ರಮ್ಮಿಗೂ ತಾಕಿರಲಿಲ್ಲವಾದ್ದರಿಂದ ಅವರಿಗೆ ತಿಳಿಯುವ ಸಂದರ್ಭ ಬಂದಿರಲಿಲ್ಲ.

ಪರದೆಯೆಲ್ಲ ಹಸಿರಾಯಿತು. ಹಸಿರು ಇಳಿದಾಗ ಮಗಳು ನಿಂತಲ್ಲೇ, ನೆತ್ತಿಯಿಂದ ಅಂಗಾಲಿನವರೆಗೆ ಹಸಿರಾಗಿ ನಿಂತಿದ್ದಳು.

"ಆಹಾ, ಏನ್ ತಲೆ! ನೇರ ಹೊಡೆದ್ರೆ ತಪ್ಪಿಸ್ಕೋತಾಳೆ ಅಂತ ಡ್ರಮ್ಮಿಗೇ ಹೊಡೆದ್ರು!" ತಾತ ಮೈಕಿನಲ್ಲಿ ಕೂಗಿದರು. ಹಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಯಜಮಾನರು ವೇದಿಕೆ ಹತ್ತಿ, ಗೆದ್ದ ಜೋಡಿಗೆ ತಮ್ಮ ಸ್ಕೂಲಿನಲ್ಲಿ ಕಾರು ಕಲಿಯುವ ಪೂರ್ತಿ ಪಾಠ ಉಚಿತ ಎಂದು ಘೋಷಿಸಿದರು.

"ಸಾರ್! ಮತ್ತೆ ಮೊದಲಿಂದ!" ಎಂದು ಟೈಲರಮ್ಮ ಸಂತೋಷದಿಂದ ಕಣ್ಣೊರೆಸಿಕೊಂಡರು.

ಮೇಷ್ಟ್ರು ಜನರ ನಡುವೆ ದಾರಿ ಮಾಡಿಕೊಂಡು ಮಗಳ ಹತ್ತಿರ ಹೋದರು. ಅವಳು ಕಂಟ್ರೋಲರಿನ ವೈರು ಸುತ್ತುತ್ತಿದ್ದಳು.

"ನಾನು ನಿನಗೆ ಹೊಡೀಲಿಲ್ಲ ಕಣಮ್ಮಾ. ನಿಜವಾಗ್ಲೂ ತಪ್ಪಿಸೋಕೇ ಹೊಡೆದೆ."

"ಅಪ್ಪಾ, ಡ್ರಮ್ಮಿನ ಸರಿಯಾಗಿ ನಡುವೆ ಬಿತ್ತು."

"ಹ್ಞೂಂ, ಅಲ್ಲಿಗೇ ಗುರಿಯಿಟ್ಟಿದ್ದೆ."

"ಗೊತ್ತಾಯ್ತು" ಅಂದಳು ಮಗಳು. ಆ ಸಂಜೆ ಅವಳ ಬಾಯಿಂದ ಬಂದ ಕೊನೆಯ ಮಾತು ಅದು.

ಮೇಷ್ಟ್ರು ಕೊಟ್ಟ ಮಾತು ಮುರಿದಿತ್ತು.