ಮುಂಗಡವಾಗಿ ಬೋಳಿಸಿದ ಮೀಸೆ

ಕಬಡ್ಡಿಯ ವಿಷಯದಲ್ಲಿ ನನ್ನ ನಿಲುವು ಬಹಳ ಸರಳ. ಶೀಳನೆರೆ ಹೋಬಳಿಯ ನಮ್ಮ ಊರು ಗೆಲ್ಲಬೇಕು, ಬೂಕನಕೆರೆ ಪಕ್ಕದ ನನ್ನ ಮಾವನ ಊರು ಸೋಲಬೇಕು. ಮೊದಲನೆಯದು ನಡೆಯದಿದ್ದರೂ ಎರಡನೆಯದು ನಡೆದರೆ ಆವತ್ತು ನನಗೆ ಊಟ ರುಚಿಸುತ್ತದೆ. ಅವರ ತಂಡದ ಮುಖ್ಯ ರೈಡರ್ ಬೇರೆ ಯಾರೂ ಅಲ್ಲ, ನನ್ನ ಸ್ವಂತ ಬಾಮೈದ ನಾಗೇಂದ್ರ. ಅವನು ರೈಡಿಗೆ ಹೋದಾಗಲೆಲ್ಲ ಹೊರಗೆ ನಿಂತು ಎದುರಾಳಿಗಳಿಗೆ "ಕಾಲ್ ಇಡ್ಕಳ್ರಲಾ!" ಎಂದು ಕೂಗುವುದು, ಮದುವೆಯಾದ ಒಂಬತ್ತು ವರ್ಷದಿಂದ ನಾನು ತಪ್ಪದೆ ನಡೆಸಿಕೊಂಡು ಬಂದ ವ್ರತ.

ಈ ಸಲ ಟೂರ್ನಮೆಂಟು ಕೆ.ಆರ್. ಪೇಟೆಯಲ್ಲಿತ್ತು. ನಾನು ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ. ಒಂದು ಬೆಳಿಗ್ಗೆ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದವರ ಮುಂದೆ, ಯಾರೂ ಕೇಳದಿದ್ದರೂ, ಘೋಷಣೆ ಹೊರಡಿಸಿದೆ.

"ನಮ್ ಮಾವನ್ ಊರ್ನೋರು ಈ ಸಲ ಒಂದೇ ಒಂದ್ ಮ್ಯಾಚ್ ಗೆದ್ರೂ ನಾನ್ ಮೀಸೆ ಬೋಳಿಸ್ಕತೀನಿ ಕಣ್ರಲಾ."

ಸಂಜೆಯೊಳಗೆ ಈ ಮಾತು ಮಾವನ ಊರಿಗೂ ಮುಟ್ಟಿತು. ಮೀಸೆಯೇನು ಸಾಮಾನ್ಯದ್ದಲ್ಲ. ಊರಿಗೆ ಬರುವ ಪಶುವೈದ್ಯರು ಕೂಡ ಮೊದಲು ಅದನ್ನು ನೋಡಿ, ಆಮೇಲೆ ಹಸುವನ್ನು ನೋಡುತ್ತಾರೆ.

ಶನಿವಾರ ಮಾವನ ಊರಿನವರು ನಮ್ಮೆದುರು ಸೋತರು, ಪಾಂಡವಪುರ ಕಡೆಯವರ ಎದುರೂ ಸೋತರು. ಮೀಸೆಗೆ ಎರಡು ಸಲ ಎಣ್ಣೆ ಹಚ್ಚಿದೆ. ಆದರೆ ನಾವೂ ನಾಗಮಂಗಲ ಕಡೆಯ ತಂಡದ ಕೈಯಲ್ಲಿ ಚೆನ್ನಾಗಿ ಏಟು ತಿಂದು ಬಂದಿದ್ದೆವು. ಸಂಜೆ ನಮ್ಮ ಕ್ಯಾಪ್ಟನ್ ಪುಟ್ಟರಾಜು ಡೈರಿಯ ಜಗುಲಿಯ ಮೇಲೆ ಕೂತು, ಅಂಗೈ ಮೇಲೆ ಪೆನ್ನಿನಲ್ಲಿ ಬರೆದು ಲೆಕ್ಕ ಹಾಕಿದ. ಭಾನುವಾರದ ಕೊನೆಯ ಪಂದ್ಯದಲ್ಲಿ ನಾಗಮಂಗಲದವರು ಸೋತರೆ ಮಾತ್ರ ನಾವು ಸೆಮಿಫೈನಲ್ಲಿಗೆ. ಹದಿನೈದು ವರ್ಷದಿಂದ ನಮ್ಮೂರು ಸೆಮಿಫೈನಲ್ಲಿನ ಮುಖ ನೋಡಿರಲಿಲ್ಲ.

ಅವರನ್ನು ಸೋಲಿಸಬೇಕಾದವರು ಯಾರು ಎಂದು ಕೇಳಿದೆ. ಪುಟ್ಟರಾಜು ಅಂಗೈ ಮುಚ್ಚಿಕೊಂಡು, "ನಿಮ್ ಬಾಮೈದನ್ ಟೀಮು ಕಣಣ್ಣ" ಅಂದ.

ಭಾನುವಾರ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಊರೇ ಬದಲಾಗಿತ್ತು. ನನ್ನ ಮಾವನ ಊರಿನವರಿಗೆ ಕಬಡ್ಡಿಯ ಗಂಧಗಾಳಿ ಇಲ್ಲವೆಂದು ಹಿಂದಿನ ದಿನದವರೆಗೂ ಸಾರುತ್ತಿದ್ದವರು, ಎಷ್ಟೆಂದರೂ ಅವರು ನಮ್ಮ ತಾಲ್ಲೂಕಿನ ಹೈಕಳು, ತಾಲ್ಲೂಕಿನ ಮಾನ ಅವರ ಕೈಯಲ್ಲಿದೆ ಎನ್ನತೊಡಗಿದರು. ಒಂದೇ ರಾತ್ರಿಯಲ್ಲಿ ಇಷ್ಟೊಂದು ತಾಲ್ಲೂಕು ಪ್ರೇಮ ಎಲ್ಲಿಂದ ಬಂತೋ ಕಾಣೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನನ್ನ ಮೀಸೆಯನ್ನು ಅನುಮಾನದಿಂದ ನೋಡಿದರು.

"ಬೇಜಾರ್ ಮಾಡ್ಕಬ್ಯಾಡಿ ಕಣಣ್ಣ," ಅಂದ ಪುಟ್ಟರಾಜು, "ನಿಮ್ಗೆ ಊರು ಮುಖ್ಯನೋ, ಮೀಸೆ ಮುಖ್ಯನೋ?"

ಊರೇ ಎಂದೆ. ನಿಜ ಹೇಳಬೇಕೆಂದರೆ, ಮಾವನ ಊರೂ ಸೋತು ನಾವೂ ಮುಂದೆ ಹೋಗುವಂಥ ಲೆಕ್ಕವೇನಾದರೂ ಇದೆಯೇ ಎಂದು ರಾತ್ರಿಯೆಲ್ಲ ಹುಡುಕಿದ್ದೆ. ಇರಲಿಲ್ಲ. ಮನೆಗೆ ಬಂದು ಹೆಂಡತಿ ಭಾಗ್ಯಳ ಹತ್ತಿರ ಸಂಕಟ ತೋಡಿಕೊಂಡೆ. ಅವಳು ಮುದ್ದೆ ತಿರುವುತ್ತಿದ್ದಳು, ಕೋಲು ನಿಲ್ಲಿಸಲಿಲ್ಲ.

"ಆ ಮೀಸೆ ಇರೋಗಂಟ ನಿಮ್ ಬಾಯಲ್ಲಿ ನಮ್ಮೂರ್ಗೆ ಜೈ ಅನ್ನೋದು ಬರಾಕಿಲ್ಲ. ಎಂಗಿದ್ರೂ ಓಗೋ ಮೀಸೆ, ಈಗ್ಲೇ ತೆಗ್ದಾಕ್ಬುಡಿ."

ಈ ವಾದದಲ್ಲಿ ನನಗೆ ಒಂದು ದೋಷವೂ ಕಾಣಲಿಲ್ಲ. ಊರಿನ ಹಿತದೃಷ್ಟಿಯಿಂದ, ಮುಂಗಡವಾಗಿ ಬೋಳಿಸಿಬಿಟ್ಟೆ. ಭಾಗ್ಯ ನನ್ನನ್ನು ಒಂದು ಸಲ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಕೊಟ್ಟಿಗೆಯ ಹಸು ಎರಡು ಸಲ ಮೂಸಿ ನೋಡಿತು.

ಮೈದಾನದಲ್ಲಿ ಜೀವನದಲ್ಲೇ ಮೊದಲ ಬಾರಿಗೆ ಮಾವನ ಊರಿನವರ ಕಡೆ ಹೋಗಿ, ಮಾವನ ಪಕ್ಕದಲ್ಲೇ ಕೂತೆ. ಅವರು ಕಡಲೆಕಾಯಿ ಬಿಡಿಸುತ್ತಾ, "ಯಾವೂರಪ್ಪ ನಿಂದು?" ಎಂದು ಕೇಳಿದರು. ಪರಿಚಯ ಹೇಳಿಕೊಂಡೆ. ಮರುಕದಿಂದ ಕಡಲೆಕಾಯಿ ಪೊಟ್ಟಣವನ್ನೇ ನನ್ನ ಕೈಗೆ ಕೊಟ್ಟರು.

ನಾಗೇಂದ್ರನಿಗೆ ಜೈ ಎಂದೆ. ಮೊದಲ ಜೈ ಡೈರಿಯ ನೋಟಿಸು ಓದಿದಂತೆ ಹೊರಬಂತು. ನಾಲ್ಕನೆಯದು ಪರವಾಗಿಲ್ಲ ಎನ್ನುವಂತಿತ್ತು. ಹತ್ತನೆಯದರ ಹೊತ್ತಿಗೆ ನಾನು ಎದ್ದು ನಿಂತಿದ್ದೆ. ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ! ಒಂಬತ್ತು ವರ್ಷ ಅವನ ಕಾಲನ್ನೇ ನೋಡಿದ್ದೆನೇ ಹೊರತು ಆಟ ನೋಡಿರಲಿಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಇವನು ನನ್ನ ಬಾಮೈದ ಎಂದು ಹಿಂದೆ ಕೂತವರಿಗೆಲ್ಲ ಹೇಳಿದೆ.

ಕೊನೆಯ ರೈಡು. ಎರಡೂ ಕಡೆ ಅಂಕ ಸಮ. ನಾಗೇಂದ್ರ ಹೋದ, ಮೂಲೆಯಲ್ಲಿದ್ದವನನ್ನು ಮುಟ್ಟಿದ, ತಿರುಗಿದ. ನಡುಗೆರೆ ಇನ್ನು ಎರಡೇ ಹೆಜ್ಜೆ. ಅವನಿಗೆ ನನ್ನ ಬದುಕಿನ ಅತಿ ದೊಡ್ಡ ಜೈ ಹಾಕಲು ಎದೆ ತುಂಬ ಉಸಿರು ಎಳೆದು ಬಾಯಿ ತೆರೆದೆ. ಬಾಯಿಗೆ ತನ್ನದೇ ಅಭ್ಯಾಸ.

"ಕಾಲ್ ಇಡ್ಕಳ್ರಲಾ!"

ನಾಗೇಂದ್ರನಿಗೆ ಆ ದನಿ ಗೊತ್ತಿಲ್ಲವೇ? ಓಡುತ್ತಲೇ ಕತ್ತು ತಿರುಗಿಸಿ ಮೀಸೆಯನ್ನು ಹುಡುಕಿದ. ಸಿಕ್ಕಿದ್ದು ನನ್ನ ಮುಖ. ಎರಡು ಕ್ಷಣ ಕಣ್ಣು ಬಿಟ್ಟು ನೋಡಿ, ಗೊಳ್ಳನೆ ನಕ್ಕುಬಿಟ್ಟ. ನಗುವವನ ಬಾಯಲ್ಲಿ ಕಬಡ್ಡಿ ಕಬಡ್ಡಿ ಬರುವುದಿಲ್ಲ. ಅಷ್ಟರಲ್ಲಿ ನಾಗಮಂಗಲದ ಹುಡುಗರು ಅವನ ಎರಡೂ ಕಾಲು ಹಿಡಿದು ಮಲಗಿಸಿದರು. ಮನೆಯಲ್ಲಾಗಲಿ ಡೈರಿಯಲ್ಲಾಗಲಿ ನನ್ನ ಮಾತನ್ನು ಇಷ್ಟು ಬೇಗ ಯಾರೂ ಪಾಲಿಸಿದ್ದಿಲ್ಲ.

ಒಂದೇ ಅಂಕದಲ್ಲಿ ಅವರು ಸೋತರು. ಅವರ ಜೊತೆ ನಮ್ಮೂರೂ ಮನೆಗೆ ಹೋಯಿತು. ಮಾವ ನನ್ನ ಕೈಯಿಂದ ಕಡಲೆಕಾಯಿ ಪೊಟ್ಟಣವನ್ನು ವಾಪಸು ತೆಗೆದುಕೊಂಡರು. ನಾಗೇಂದ್ರ ಮೈಯ ಮಣ್ಣು ಕೊಡವಿಕೊಳ್ಳುತ್ತಾ ಹತ್ತಿರ ಬಂದ. ಬೈಯಬಹುದಿತ್ತು, ಬೈಯಲಿಲ್ಲ.

"ಅಲ್ಲ ಬಾವ, ನಾವು ಒಂದ್ ಮ್ಯಾಚೂ ಗೆಲ್ನಿಲ್ವಲ್ಲ, ಮತ್ತೆ ಮೀಸೆ ಯಾಕ್ ಬೋಳಿಸ್ಕಂಡ್ರಿ?"

ಮರುದಿನ ಡೈರಿಯಲ್ಲಿ ಪುಟ್ಟರಾಜು ಕ್ಯಾನು ಕೆಳಗಿಟ್ಟು, ನನ್ನ ಮೇಲ್ದುಟಿಯನ್ನೇ ನೋಡಿ, "ಪಂತ ನೀವೇ ಗೆದ್ರಿ ಕಣಣ್ಣ" ಅಂದ. ಮಾತು ನಿಜ, ನೂರಕ್ಕೆ ನೂರು ನಾನೇ ಗೆದ್ದಿದ್ದೆ. ಗೆದ್ದವನ ಗತ್ತಿನಲ್ಲಿ ಮೀಸೆ ತಿರುವಲು ಕೈ ತಾನಾಗಿಯೇ ಮೇಲೆ ಹೋಯಿತು. ಹೋದ ಕೈಗೆ ಏನೂ ಸಿಗದೆ, ಮೂಗು ಕೆರೆದುಕೊಂಡು ಇಳಿಸಿದೆ.