ನಮ್ಮೂರ ಅಗಸಿ ಉಳಿಸಿದ್ದು

ಕೈಯಲ್ಲೊಂದು ಪೆನ್ಸಿಲ್ ಹಿಡಿದು ನಮ್ಮೂರ ಓಣಿಯಲ್ಲಿ ನಡೆದು ನೋಡಿರಿ. ಮೊದಲ ಮನೆಯವರು ಕದ ತೆರೆಯುವಷ್ಟರಲ್ಲಿ ಕಡೆಯ ಮನೆಯವರು ಹಿತ್ತಲಿನಿಂದ ಹೊಲಕ್ಕೆ ಹೋಗಿರುತ್ತಾರೆ. ಕನ್ನಡ ಶಾಲೆಯ ಅಕ್ಕೋರು ಅಂದಮೇಲೆ ಜನಗಣತಿ, ಮಕ್ಕಳಿಗೆ ಸಿಡುಬಿನ ದೇವಿ ಹಾಕಿಸುವುದು ಎಲ್ಲವೂ ನನ್ನ ಕೊರಳಿಗೇ ಬೀಳುತ್ತಿದ್ದರಿಂದ ಇಂಥವು ನನಗೆ ಹೊಸವೇನಲ್ಲ. ಆದರೆ ಅರವತ್ತರ ದಶಕದ ಮೊದಲಿಗೆ ಹಳಿಯಾಳ ಸೀಮೆಯ ನಮ್ಮ ಪೇಟೆಗೆ ಹೊಸ ನಿಯಮವೊಂದು ಬಂತು: ನೂರು ವರ್ಷ ದಾಟಿದ ಕಟ್ಟಡವನ್ನು ಅಪ್ಪಣೆಯಿಲ್ಲದೆ ಕೆಡವಬಾರದು, ಬದಲಿಸಬಾರದು. ಊರವರಿಗೆ ಅರ್ಥವಾದದ್ದು ಒಂದೇ: ಸರಕಾರ ಮನೆ ಕಸಿಯಲು ಬರುತ್ತಿದೆ.

ಹೊಸ ಮನೆ

ಯಾವ ಮನೆ ಎಷ್ಟು ಹಳೆಯದು ಎಂದು ಕೇಳಿ ಬರುವ ಕೆಲಸ ನನ್ನದಾಯಿತು. ಮೊದಲು ಹೋದದ್ದು ನಮ್ಮ ಓಣಿಯ ಹಿರಿಯಜ್ಜಿಯ ಮನೆಗೆ. ಲಗ್ನದ ಮಾತುಕತೆಗೆ ಕೂತರೆ ‘ನಮ್ಮದು ಏಳು ತಲಿ ಬಾಳಿದ ವಾಡೆ’ ಎಂದೇ ಶುರು ಮಾಡುವಾಕೆ.

“ಅಜ್ಜಿ, ಮನಿ ಎಷ್ಟು ವರ್ಷದ್ದು?”

“ಮೊನ್ನಿ ಮೊನ್ನಿ ಕಟ್ಟಿದ್ದವಾ.”

“ಹಂಗಾರ ಈ ಕಂಬದ ಮ್ಯಾಲಿನ ಕೆತ್ತನಿ?”

“ಅದು ಹುಳಾ ಕೊರದದ್ದು.”

“ಲಗ್ನಾಗಿ ಬಂದಾಗ ಇದೇ ಹೊಸ್ತಿಲಾ ಮ್ಯಾಲ ಅಕ್ಕಿ ಸೇರು ಒದ್ದೆ ಅಂತ ನೀವ ಹೇಳತಿದ್ರೆಲ್ಲ?”

ಅಜ್ಜಿ ಸಿಕ್ಕಿಬಿದ್ದಳು. ನನ್ನ ಪೆನ್ಸಿಲ್ಲಿನತ್ತ ಬೆರಳು ಮಾಡಿ, “ಹಂಗಾರ ನನ್ನ ವಯಸ್ಸೂ ಒಂದಿಷ್ಟು ಕಡಿಮಿ ಬರಕೋ” ಅಂದಳು.

ಕೈ ಎತ್ತದ ಸಭೆ

ಎಲ್ಲಕ್ಕಿಂತ ದೊಡ್ಡ ಜಗಳ ಊರ ಅಗಸಿಯದು. ಊರ ಹೆಬ್ಬಾಗಿಲು ಅದು; ಕಲ್ಲಿನ ದೊಡ್ಡ ಕಮಾನು, ಮೇಲೆ ಕೆತ್ತಿದ ಎರಡು ಗಿಳಿ. ಅದನ್ನು ಉಳಿಸಬೇಕೋ ಬೇಡವೋ ಎಂದು ಬಸವಣ್ಣನ ಗುಡಿಯ ಅಂಗಳದಲ್ಲಿ ಸಭೆ ಸೇರಿತು.

ಮೆಣಸಿನಕಾಯಿ ವ್ಯಾಪಾರದ ಸಾಹುಕಾರರು ಎದ್ದು ನಿಂತರು. “ಹಿರ್ಯಾರು ಕಟ್ಟಿದ್ದು, ಬೀಳಸಬಾರ್ದು!” ಕಣ್ಣಲ್ಲಿ ನೀರೂ ಬಂತು.

ದಾಂಡೇಲಿಗೆ ಬಿದಿರು ಸಾಗಿಸುವ ಲಾರಿ ಮಾಲಕ ಬಿಟ್ಟಾನೆಯೇ? “ನಿಮ್ಮ ಅಂಗಡಿ ಅಗಸಿಗೆ ಆತುಕೊಂಡೈತಿ. ಅಗಸಿ ಹೋದ್ರ ನಿಮಗ ಮೂರ ಗ್ವಾಡಿ. ಅದಕ್ಕ ಈ ಅಳು!”

“ನಿನ್ನ ಲಾರಿ ಒಳಗ ಹಿಡಸೂದಿಲ್ಲ. ಅದಕ್ಕ ಆ ಸಿಟ್ಟು!”

ಜನಕ್ಕೆ ಇಬ್ಬರ ಮಾತೂ ನಿಜವೆನಿಸಿತು, ಹಾಗಾಗಿ ಇಬ್ಬರ ಮೇಲೂ ಸಂಶಯ ಬಂತು. ಕೊನೆಗೆ ಪಂಚಾಯಿತಿ ಅಧ್ಯಕ್ಷರು, “ಅಗಸಿ ಬೇಕನ್ನವರು ಕೈ ಎತ್ತರಿ” ಅಂದರು. ಒಂದೂ ಕೈ ಏಳಲಿಲ್ಲ. “ಬ್ಯಾಡನ್ನವರು ಎತ್ತರಿ.” ಆಗಲೂ ಇಲ್ಲ. ನೋಡಿದರೆ ಎಲ್ಲರೂ ಕೈಗಳನ್ನು ಬಗಲಲ್ಲಿ ಬಿಗಿಯಾಗಿ ಹುದುಗಿಸಿಕೊಂಡು ಕೂತಿದ್ದಾರೆ.

ಪಕ್ಕದ ಮುದುಕನನ್ನು ಯಾಕೆಂದು ಕೇಳಿದೆ. ಆತ ಪಿಸುಗುಟ್ಟಿದ: “ಕೈ ಎತ್ತಿದ್ರ ಹೆಬ್ಬಟ್ಟು ಹಿಡದು ಕಾಗದಕ್ಕ ಒತ್ತಸಕೋತಾರ, ಅಕ್ಕೋರ.”

ಮಾತಾಡುವ ಪಾಯ

ತೀರ್ಮಾನ ಆಗದ್ದಕ್ಕೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಹಳೆಯ ಕಲ್ಲೆಂದರೆ ಜೀವ ಬಿಡುವ ಮನುಷ್ಯ. ಸಣ್ಣ ಸುತ್ತಿಗೆಯಿಂದ ಅಗಸಿಯನ್ನು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಬುಡದಲ್ಲೊಂದು ಕಡೆ ಸುಣ್ಣದ ಗೆರೆ ಎಳೆದರು. “ಇಲ್ಲಿ ಪಾಯ ಸಡಿಲಾಗಿದೆ, ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ” ಎಂದು ನನಗೆ ಮೆಲ್ಲಗೆ ಹೇಳಿ ಹೋದರು.

ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. ಸಾಹುಕಾರರು ಓಡಿ ಬಂದರು.

“ಏನಂದ್ರು?”

“ಪಾಯಾ ಸಡ್ಲ ಐತಂತ್ರಿ.”

“ಅದಕ್ಕ ಕಿವಿ ಹಚ್ಚಿ ಕೇಳಬೇಕೇನು? ಪಾಯಾ ಮಾತಾಡತೈತೇನು? ಖರೆ ಹೇಳ್ರಿ, ಬಂಗಾರ ಐತಿ ಹೌದಲ್ಲೊ?”

ಬಂಗಾರದ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ನೀರಿಗೆ ಹೊರಟಾಗ ಕಂಡೆ: ಗೆರೆಯ ಆಚೆ ಬದಿಗೆ ಲಾರಿ ಮಾಲಕ, ಈಚೆ ಬದಿಗೆ ಸಾಹುಕಾರರು, ಇಬ್ಬರೂ ನೆಲ ಅಗೆಯುವ ಹಾರೆ ಹಿಡಿದು ಮೊಳಕಾಲಾಳದ ತೆಗ್ಗಿನಲ್ಲಿ!

“ನೀವ್ಯಾಕ ಬಂದ್ರಿ?” ಅಂದ ಲಾರಿ ಮಾಲಕ.

“ಅಗಸಿ ಕಾಯಾಕ.”

“ಕಾಯಾಕ ಹಾರಿ ಯಾಕ?”

“ನಿನ್ನ ಕೈಯಾಗಿಂದೇನು, ಊದಿನಕಡ್ಡಿ ಏನು?”

ಅಷ್ಟರಲ್ಲಿ ಮೇಲಿನಿಂದ ಮಣ್ಣು ಉದುರಿತು. ಇಬ್ಬರೂ ಆಚೀಚೆ ಹಾರಿದರು, ಅಗಸಿ ಧಡಲ್ಲನೆ ಕುಸಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ಅದಕ್ಕೆ ಆತುಕೊಂಡಿದ್ದ ಅಂಗಡಿಯೂ ಬಾಯ್ದೆರೆದು, ಸಾಹುಕಾರರ ಮೆಣಸಿನಕಾಯಿ ಬೀದಿಗೆ ಬಂದು ಇಡೀ ಪೇಟೆ ಸೀನಿತು.

ಒಂದು ಕಲ್ಲು

ಸುದ್ದಿ ಕೇಳಿ ಸಾಹೇಬರು ಓಡಿ ಬಂದರು. ರಾಶಿಬಿದ್ದ ಕಲ್ಲುಗಳ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಬಗ್ಗಿ, ಗಿಳಿ ಕೆತ್ತಿದ್ದ ಒಂದು ಕಲ್ಲನ್ನು ಎತ್ತಿ, ರುಮಾಲಿನಿಂದ ಧೂಳು ಒರೆಸಿ, ಜೀಪಿನಲ್ಲಿ ಇಟ್ಟರು. ಅವರ ಮುಖ ನೋಡಿ ನನಗೂ ಬೇಸರವಾಯಿತು.

ಊರಿಗೆ ಹಾಗೆ ಆಗಲಿಲ್ಲ. “ಸಿಕ್ತು! ಸಾಹೇಬಗ ಸಿಕ್ತು!” ಎಂದು ಜನ ಜೀಪಿಗೆ ಅಡ್ಡ ನಿಂತರು.

“ಇದು ಬರೀ ಕಲ್ಲು ಕಣ್ರಪ್ಪಾ” ಅಂದರು ಸಾಹೇಬರು.

“ಬರೇ ಕಲ್ಲಾದ್ರ ನೀವ್ಯಾಕ ಒಯ್ತೀರಿ?”

ಕಲ್ಲು ಕೆಳಗಿಳಿಯಿತು. ಅಕ್ಕಸಾಲಿಗನನ್ನು ಕರೆಸಿ ಉಜ್ಜಿ ನೋಡಿಸಿದರು. ಆತ ಕಲ್ಲೇ ಅಂದ. ಅವನೂ ಸಾಹೇಬರ ಕಡೆಯವನೆಂದು ತಿಳಿದರು. ಅಲ್ಲಿಯೇ ಬಸವಣ್ಣನ ಗುಡಿಯ ಒಳಗೆ ಕಲ್ಲನ್ನಿಟ್ಟು, ಸಾಹುಕಾರರದೊಂದು, ಲಾರಿ ಮಾಲಕನದೊಂದು ಬೀಗ ಜಡಿದು, ಕಾಯಲು ಪಾಳಿ ಹಚ್ಚಿದರು.

ಸಾಹೇಬರು ಜೀಪು ಹತ್ತಿದವರು ಆ ಬೀಗಗಳನ್ನೇ ನೋಡುತ್ತಿದ್ದರು. ಕೊನೆಗೆ ನನ್ನನ್ನು ಹತ್ತಿರ ಕರೆದು ಅಂದರು:

“ಎಂಥ ಕೆಲಸ ಆಯ್ತು ಅಕ್ಕೋರೆ! ಇಡೀ ಅಗಸೀನೇ ಹೊತ್ತುಕೊಂಡು ಹೋಗ್ತೇನೆ ಅಂತ ಮೊದಲೇ ಹೇಳಿಬಿಡಬೇಕಿತ್ತು ನಾನು.”