ಮಹಾನಕ್ಷತ್ರದ ಪೆಟ್ಟಿಗೆ

ಎಲ್ಲಕ್ಕೂ ಮೂಲ ಇಸ್ತ್ರಿಯಮ್ಮನ ಬಾಯಿ. ಬಂಗಲೆಯ ಬಟ್ಟೆಗೆ ಇಸ್ತ್ರಿ ಹಾಕುವುದು ಅವಳ ಕೆಲಸ. ಬಂಗಲೆಯ ಸುದ್ದಿಯನ್ನು ಆಳುಗಳ ಸಾಲುಮನೆಗೆ ಬಿಸಿಬಿಸಿಯಾಗಿ ಹಂಚುವುದು ಅವಳ ಸಂತೋಷ. ಆ ಬೆಳಿಗ್ಗೆ ಹೊಳಪಣ್ಣ ಇನ್ನೂ ಹಲ್ಲುಜ್ಜುತ್ತಿದ್ದಾಗಲೇ ಬಂದು ನಿಂತಳು.

"ದೊಡ್ಡ ನಕ್ಷತ್ರ ಅಡುಗೆಯಣ್ಣನ ಪಾಲಿಗೆ ಹೋಯ್ತು ಕಣಣ್ಣ. ಅಮ್ಮಾವ್ರು ಅವನ ಪೆಟ್ಟಿಗೆಗೆ ಹಾಕಿದ್ದನ್ನ ನಾನೇ ಕಣ್ಣಾರೆ ನೋಡಿದೆ."

ಹೊಳಪಣ್ಣ ಬಾಯಲ್ಲಿದ್ದ ನೊರೆಯನ್ನು ಹಾಗೇ ನುಂಗಿಬಿಟ್ಟ.

ಹೊಳಪಣ್ಣ ಎನ್ನುವುದು ಬಂಗಲೆಯವರಿಟ್ಟ ಹೆಸರು. ತೀರಿಹೋದ ಧಣಿಗಳ ವಂಶಕ್ಕೆ ಅರಸರ ಕಾಲದಿಂದ ಬಂದ ಬಿರುದು ಬಾವಲಿ, ಪದಕ, ಪಟ್ಟಿಗಳನ್ನೆಲ್ಲ ವಾರವಾರ ಸೀಮೆಸುಣ್ಣದ ಪುಡಿ ಹಚ್ಚಿ ಒರೆಸಿಡುವವನು ಅವನೇ. ಅದರಲ್ಲೂ ಎಂಟು ಮೊನೆಯ ಮಹಾನಕ್ಷತ್ರವೆಂದರೆ ಅವನ ಪಂಚಪ್ರಾಣ. ಮೊನೆ ಮೊನೆಯ ಸಂದಿಗೂ ಬಟ್ಟೆ ತೂರಿಸಿ ತಿಕ್ಕುತ್ತಿದ್ದ. ತನ್ನ ಮುಖವನ್ನು ಈ ಮನುಷ್ಯ ಒಂದು ದಿನವೂ ಅಷ್ಟು ಹತ್ತಿರದಿಂದ ನೋಡಿದ್ದಿಲ್ಲ ಎಂದು ಹೆಂಡತಿ ಗೊಣಗುವುದಿತ್ತು.

ಧಣಿಗಳು ಹೋದಮೇಲೆ ಅಮ್ಮಾವ್ರು ಹೆಚ್ಚಿನವನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಕೊಟ್ಟು, ಎರಡನ್ನು ಮಾತ್ರ ಹಳೆಯ ಆಳುಗಳಿಬ್ಬರಿಗೆಂದು ಉಳಿಸಿಕೊಂಡಿದ್ದರು. ಒಂದು ಆ ಮಹಾನಕ್ಷತ್ರ, ಇನ್ನೊಂದು ಅಂಗಿಯ ಗುಂಡಿಗಿಂತ ಚೂರು ದೊಡ್ಡದಾದ ಕಂಚಿನ ಪದಕ. ಒಂದೇ ಥರದ ಎರಡು ಮರದ ಪೆಟ್ಟಿಗೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ನಿನ್ನೆ ತಾನೇ ಹೊಳಪಣ್ಣನಿಗೊಂದು, ಅಡುಗೆಯಣ್ಣನಿಗೊಂದು ಕೊಟ್ಟಿದ್ದರು. ಇವತ್ತು ಸಂಜೆ ನೆಂಟರ ಮುಂದೆಯೇ ತೆರೆಯಬೇಕು, ಅಲ್ಲಿಯವರೆಗೆ ಮುದ್ರೆ ಮುಟ್ಟಕೂಡದು ಎಂದು ಅಪ್ಪಣೆ. ಪೆಟ್ಟಿಗೆಗಳೇ ಕಲ್ಲಿನಷ್ಟು ಭಾರ, ಒಳಗೆ ಹತ್ತಿ ತುರುಕಿತ್ತು. ಎತ್ತಿ ಅಲ್ಲಾಡಿಸಿದರೂ ಏನೂ ತಿಳಿಯುವಂತಿರಲಿಲ್ಲ.

ಹೊಳಪಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಅಡುಗೆಯಣ್ಣ ಪಕ್ಕದ ಮನೆಯವನು, ಒಳ್ಳೆಯವನು, ಕಷ್ಟಕ್ಕೆ ಆಗುವವನು. ಅದನ್ನು ನೆನೆದಷ್ಟೂ ಉರಿ ಜಾಸ್ತಿಯಾಯಿತು. ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು. ಈರುಳ್ಳಿ ನಾರುವ ಆ ಕೈಗೆ ಮಹಾನಕ್ಷತ್ರವೆ? ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯಿತಲ್ಲ.

ಬಂಗಲೆಗೆ ಹೋದರೆ ಅಲ್ಲೂ ಇದೇ ಮಾತು. ತೋಟದವನು ಬಂದು ಬೆನ್ನು ಸವರಿ, ಎಲ್ಲಾ ಹಣೆಬರಹ ಅಂದ. ಡ್ರೈವರಂತೂ ಸತ್ತ ಮನೆಗೆ ಬಂದವನ ಹಾಗೆ ಪಕ್ಕದಲ್ಲಿ ಸುಮ್ಮನೆ ಕೂತು ಎದ್ದುಹೋದ. ಹೊಳಪಣ್ಣನಿಗೆ ತಡೆಯಲಾಗಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಎಲ್ಲರೂ ಊಟಕ್ಕೆ ಕೂತಿದ್ದಾಗ ಅಂದೇಬಿಟ್ಟ.

"ನಿನಗೇನಪ್ಪಾ, ಸೌಟು ಆಡಿಸಿದವನಿಗೆ ನಕ್ಷತ್ರ. ಜೀವಮಾನವೆಲ್ಲ ತಿಕ್ಕಿದವನಿಗೆ ಗುಂಡಿ."

ಅಡುಗೆಯಣ್ಣ ಅವನ ಮುಖವನ್ನೇ ನೋಡಿದ. ಹೊಳಪಣ್ಣನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ಮನೆಗೆ ಹೋಗಿಬರುತ್ತೇನೆಂದು ಹೊರಟ. ಪೆಟ್ಟಿಗೆ ಜೋಪಾನವಾಗಿದೆಯೋ ನೋಡಲು ಹೋದನೆಂದು ಹೊಳಪಣ್ಣ ಒಳಗೊಳಗೇ ಹಲ್ಲು ಕಡಿದ.

ಮಧ್ಯಾಹ್ನ ಕಳೆದು ಅಡುಗೆಯಣ್ಣ ಮತ್ತೆ ಒಲೆಯ ಮುಂದೆ ನಿಂತಾಗ ಹೊಳಪಣ್ಣನ ತಲೆಗೆ ದುರ್ಬುದ್ಧಿ ಹೊಕ್ಕಿತು. ಎರಡು ಪೆಟ್ಟಿಗೆಯೂ ಒಂದೇ ಥರ; ಮುದ್ರೆಯೂ ಒಂದೇ. ಹೆಂಡತಿ ನಲ್ಲಿಗೆ ಹೋದ ಹೊತ್ತು ನೋಡಿ, ತನ್ನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಮನೆಗೆ ನುಗ್ಗಿದ. ಪೆಟ್ಟಿಗೆ ಅಟ್ಟದ ಮೇಲಿತ್ತು. ಸ್ಟೂಲು ಹತ್ತಿ ಅದನ್ನು ಎಳೆದರೆ ಜೊತೆಗೆ ಹಿಟ್ಟಿನ ಡಬ್ಬಿಯೂ ಬಂತು. ಅಡಿಯಿಂದ ಮುಡಿಯವರೆಗೆ ಬೆಳ್ಳಗಾದ. ಗುಡಿಸಿ, ಒರೆಸಿ, ಪೆಟ್ಟಿಗೆ ಬದಲಿಸಿ ಹೊರಬಂದರೆ ಎದುರಿಗೇ ಇಸ್ತ್ರಿಯಮ್ಮ. ಅವಳು ಮೇಲೆ ಕೆಳಗೆ ನೋಡಿ, "ಇವತ್ತೂ ಸೀಮೆಸುಣ್ಣಾನಾ?" ಎಂದಷ್ಟೇ ಕೇಳಿ ಹೋದಳು. ದೇವರು ದೊಡ್ಡವನು ಅಂದುಕೊಂಡ.

ಸಂಜೆ ಬಂಗಲೆಯ ಹಜಾರದ ತುಂಬ ಜನ. ಅಮ್ಮಾವ್ರು ಸನ್ನೆ ಮಾಡಿದರು. ಹೊಳಪಣ್ಣ ಎದೆಯುಬ್ಬಿಸಿ ಮುದ್ರೆ ಒಡೆದು, ಹತ್ತಿ ಸರಿಸಿ ನೋಡಿದ.

ಕಂಚಿನ ಪದಕ.

ಪಕ್ಕದಲ್ಲಿ ಅಡುಗೆಯಣ್ಣನ ಪೆಟ್ಟಿಗೆಯೊಳಗೆ ಮಹಾನಕ್ಷತ್ರ ಝಗಮಗಿಸುತ್ತಿತ್ತು. ವಿಚಿತ್ರವೆಂದರೆ ಅವನ ಮುಖ ಹೊಳಪಣ್ಣನ ಮುಖಕ್ಕಿಂತಲೂ ಬಿಳಿಚಿತ್ತು.

"ಅಮ್ಮಾವ್ರೇ, ತಪ್ಪಾಯ್ತು," ಎಂದ ಅಡುಗೆಯಣ್ಣ. "ಇವನ ಸಂಕಟ ನೋಡಕ್ಕಾಗದೆ ಮಧ್ಯಾಹ್ನ ನಾನೇ ಹೋಗಿ ನನ್ನ ಪೆಟ್ಟಿಗೆ ಇವನ ಮನೇಲಿಟ್ಟು, ಇವನದನ್ನ ತಂದ್ಕೊಂಡಿದ್ದೆ. ಇವನ ಹೆಂಡ್ತಿಗೂ ಗೊತ್ತು, ಹೇಳಬೇಡ ಅಂದಿದ್ದೆ. ಈಗ ನೋಡಿದ್ರೆ ನಕ್ಷತ್ರ ನನ್ನ ಹತ್ರಾನೇ ಇದೆ."

ಅಡುಗೆಯಣ್ಣ ಸ್ವಲ್ಪ ಯೋಚಿಸಿದ. ಆಮೇಲೆ ಅವನ ಕಣ್ಣು ತುಂಬಿ ಬಂತು.

"ಗೊತ್ತಾಯ್ತು. ಅವಳು ಹೇಳಿಬಿಟ್ಟಿದ್ದಾಳೆ. ಇನ್ನೊಬ್ಬರ ಪಾಲಿನದು ನನಗೆ ಬೇಡ ಅಂತ ಇವನೇ ತಿರುಗಿ ತಂದಿಟ್ಟಿದ್ದಾನೆ. ಎಂಥಾ ಮನುಷ್ಯ ನೋಡ್ರಿ."

ಚಪ್ಪಾಳೆಯೋ ಚಪ್ಪಾಳೆ. ಅಮ್ಮಾವ್ರು ತಾವೇ ಎದ್ದುಬಂದು ಕಂಚಿನ ಪದಕವನ್ನು ಹೊಳಪಣ್ಣನ ಅಂಗಿಗೆ ಚುಚ್ಚಿ, ಇಷ್ಟು ದೊಡ್ಡ ಮನಸ್ಸಿನವನಿಗೆ ಯಾವ ನಕ್ಷತ್ರವೂ ಬೇಕಿಲ್ಲ ಅಂದರು. ಇಸ್ತ್ರಿಯಮ್ಮ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಳಪಣ್ಣ ಅಳಲೂ ಆರದೆ, ನಗಲೂ ಆರದೆ ಕೈಮುಗಿದು ನಿಂತ. ಗಂಡನಿಗೆ ಒಂದಕ್ಷರವನ್ನೂ ಹೇಳಿರದ ಹೆಂಡತಿಯೊಬ್ಬಳು ಮಾತ್ರ ಚಪ್ಪಾಳೆ ತಟ್ಟದೆ ಅವನನ್ನೇ ನೋಡುತ್ತಿದ್ದಳು.

ಅಡುಗೆಯಣ್ಣ ಹತ್ತಿರ ಬಂದು ಅವನ ಕೈ ಹಿಡಿದುಕೊಂಡ. "ಇದನ್ನ ಹೊಳಪಾಗಿಡೋದು ನನಗೆ ಬರಲ್ಲ ಕಣಪ್ಪಾ. ಆಗಾಗ ಬಂದು ನೀನೇ ಒರೆಸಿಕೊಡ್ತೀಯಾ?"

ಹೊಳಪಣ್ಣ ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರ ಕೊಟ್ಟಳು.

"ಒರೆಸ್ತಾರೆ ಬಿಡಣ್ಣ. ನಿಮ್ಮ ಮನೆ ದಾರಿ ಅವರಿಗೆ ಚೆನ್ನಾಗಿ ಗೊತ್ತು. ವಾರವಾರ ನಾನೇ ಕಳಿಸ್ತೀನಿ."